ಕಾರ್ಖಾನೆಯ ಬ್ಲಾಕ್ ಎಷ್ಟು ತಾಳಿತು? ಡ್ರ್ಯಾಗ್ ರೇಸಿಂಗ್‌ನಲ್ಲಿ ಕ್ರೈಸ್ಲರ್ ಹೆಮಿ, 1951–1971

ಅಮೆರಿಕದ ಡ್ರ್ಯಾಗ್ ರೇಸಿಂಗ್ ಚರಿತ್ರೆ ಬರೆದವರು ಹೆಚ್ಚಾಗಿ ಚಾಲಕರ ಬೆನ್ನು ಹಿಡಿದಿದ್ದಾರೆ. ನಾನಿಲ್ಲಿ ಎಂಜಿನ್ ಬ್ಲಾಕಿನ ಬೆನ್ನು ಹಿಡಿದಿದ್ದೇನೆ. ಶೋರೂಮಿನಲ್ಲಿ ಮಾರಾಟವಾದ ಕುಟುಂಬದ ಕಾರಿನ ಎಂಜಿನ್ನೇ ದಾಖಲೆಯ ವಾಹನದಲ್ಲೂ ಕೂತಿತು ಎಂಬ ಮಾತು ಈ ಕ್ಷೇತ್ರದಲ್ಲಿ ಹೆಮ್ಮೆಯಿಂದ ಹೇಳುವಂಥದ್ದು. ಆ ಮಾತು ಎಷ್ಟು ಕಾಲ ನಿಜವಾಗಿತ್ತು, ಎಂಜಿನ್ನಿನ ಯಾವ ಭಾಗದ ಮಟ್ಟಿಗೆ ನಿಜವಾಗಿತ್ತು ಎಂಬುದು ನನ್ನ ಪ್ರಶ್ನೆ.

ಆ ಕಾಲದ ಸ್ಪರ್ಧೆಯ ಹಾದಿ ಕಾಲು ಮೈಲಿ: 1,320 ಅಡಿ, ಸುಮಾರು 402 ಮೀಟರ್. ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಗುರಿ ಮುಟ್ಟಬೇಕು. 1950ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ವಿಮಾನ ನಿಲ್ದಾಣದಲ್ಲಿ ಈ ಓಟ ಟಿಕೆಟ್ಟು, ಗಡಿಯಾರಗಳ ಶಿಸ್ತಿಗೆ ಬಂತು. 1951ರಲ್ಲಿ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ಅದೇ ವರ್ಷ ಕ್ರೈಸ್ಲರ್ ಕಂಪನಿ ತನ್ನ ಮಾರಾಟದ ಕಾರುಗಳಿಗೆ ಫೈರ್‌ಪವರ್ ಎಂಬ 331 ಘನ ಅಂಗುಲದ ವಿ-8 ಎಂಜಿನ್ ಹಾಕಿತು. ಅದರ ಶಕ್ತಿ 180 ಅಶ್ವಶಕ್ತಿ. ಇವೆರಡಕ್ಕೂ ಒಂದಕ್ಕೊಂದು ಸಂಬಂಧವಿರಲಿಲ್ಲ. ಸಂಬಂಧ ಬೆಳೆದದ್ದು ಆಮೇಲೆ.

ಫೈರ್‌ಪವರ್‌ನ ವಿಶೇಷವಿದ್ದುದು ಸಿಲಿಂಡರ್ ಹೆಡ್‌ನಲ್ಲಿ. ಅದರ ದಹನಕೋಣೆ ತೆಂಗಿನ ಚಿಪ್ಪನ್ನು ಬೋರಲು ಹಾಕಿದ ಹಾಗೆ ಅರ್ಧಗೋಳದ ಆಕಾರದ್ದು. 'ಹೆಮಿ' ಎಂಬ ಅಡ್ಡಹೆಸರು ಬಂದದ್ದು ಅದರಿಂದಲೇ. ಗಾಳಿ ಒಳಬರುವ ವಾಲ್ವ್ ಒಂದು ಇಳಿಜಾರಿನಲ್ಲಿ, ಹೊಗೆ ಹೊರಹೋಗುವ ವಾಲ್ವ್ ಎದುರು ಇಳಿಜಾರಿನಲ್ಲಿ, ಸ್ಪಾರ್ಕ್ ಪ್ಲಗ್ ಹೆಚ್ಚುಕಡಿಮೆ ನಡುನೆತ್ತಿಯಲ್ಲಿ. ವಾಲ್ವ್‌ಗಳನ್ನು ದೊಡ್ಡದು ಮಾಡಲು ಜಾಗವಿತ್ತು, ಗಾಳಿ ಸೊಟ್ಟಗೆ ತಿರುಗದೆ ಹರಿಯುತ್ತಿತ್ತು. ಯುದ್ಧಕಾಲದಲ್ಲಿ ಇದೇ ಕಂಪನಿ ಎಕ್ಸ್‌ಐವಿ-2220 ಎಂಬ ಹದಿನಾರು ಸಿಲಿಂಡರಿನ ವಿಮಾನ ಎಂಜಿನ್ನಿಗೆ ಇಂಥದೇ ಕೋಣೆಯನ್ನು ಪ್ರಯೋಗಿಸಿತ್ತು. ಆದರೆ ಕಾರ್ಖಾನೆಗೆ ಇದು ದುಬಾರಿ ಬಾಬತ್ತು: ಎಂಜಿನ್ ಭಾರ, ಎರಡು ಹೆಡ್‌ಗಳಿಗೆ ನಾಲ್ಕು ರಾಕರ್ ಶಾಫ್ಟ್, ಕೆಲಸವೂ ಹೆಚ್ಚು. 1957ರಲ್ಲಿ 392 ಘನ ಅಂಗುಲಕ್ಕೆ, ಅಂದರೆ 6.4 ಲೀಟರಿಗೆ ಬೆಳೆದ ಎಂಜಿನ್ನನ್ನು 1958ರ ಮಾದರಿಗಳ ಬಳಿಕ ಕ್ರೈಸ್ಲರ್ ನಿಲ್ಲಿಸಿತು. ಅಲ್ಲಿಂದ ಮುಂದೆ ಹೆಮಿ ಬೇಕೆಂದವರು ಗುಜರಿ ಅಂಗಡಿಗೇ ಹೋಗಬೇಕಾಯಿತು.

ಫ್ಲಾರಿಡಾದ ಟ್ಯಾಂಪಾದಲ್ಲಿದ್ದ ಡಾನ್ ಗಾರ್ಲಿಟ್ಸ್ ಕಟ್ಟಿದ 'ಸ್ವಾಂಪ್ ರ್‍ಯಾಟ್' ಹೆಸರಿನ ಮೊದಲ ವಾಹನವನ್ನು ಬಿಡಿಸಿ ನೋಡಿದರೆ ಆ ಕಾಲದ ಕಟ್ಟುವ ರೀತಿ ಕಣ್ಣಿಗೆ ಬೀಳುತ್ತದೆ. ಚೌಕಟ್ಟಿನ ಉದ್ದುದ್ದ ಪಟ್ಟಿಗಳು 1930ರ ದಶಕದ ಆರಂಭದ ಷೆವರ್ಲೆ ಕಾರಿನವು. ಚಾಲಕನ ಆಸನ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ಕವಣೆಯಲ್ಲಿಟ್ಟ ಕಲ್ಲಿನಂತೆ ಮನುಷ್ಯನ ಭಾರವೂ ಹಿಂದಿನ ಚಕ್ರಗಳ ಹಿಡಿತಕ್ಕೆ ನೆರವಾಗಲಿ ಎಂದು. ಕ್ರೈಸ್ಲರ್ ಎಂಜಿನ್ನಿನ ಬ್ಲಾಕು, ಹೆಡ್ಡು ಕಾರ್ಖಾನೆಯವೇ. ಅದರ ಮೇಲೆ ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರ್‌ಗಳ ಸಾಲು. 1957ರ ನವೆಂಬರ್‌ನಲ್ಲಿ ಬ್ರೂಕ್ಸ್‌ವಿಲ್‌ನಲ್ಲಿ ಈ ವಾಹನ ಕಾಲು ಮೈಲಿಯನ್ನು 8.79 ಸೆಕೆಂಡಿನಲ್ಲಿ ಮುಗಿಸಿತು. ವೇಗ ಗಂಟೆಗೆ 176.40 ಮೈಲಿ, ಸುಮಾರು 284 ಕಿಲೋಮೀಟರ್.

ಈ ಅಂಕಿಯನ್ನು ಪಶ್ಚಿಮ ಕರಾವಳಿಯವರು ನಂಬಲಿಲ್ಲ. ಗಡಿಯಾರ ತಪ್ಪು, ದಾರಿ ಗಿಡ್ಡ ಎಂದರು. 1959ರ ಮಾರ್ಚಿನಲ್ಲಿ ಬೇಕರ್ಸ್‌ಫೀಲ್ಡ್‌ಗೆ ಬಂದು ಗಾರ್ಲಿಟ್ಸ್ ಸೋತಾಗ ಅನುಮಾನ ಗಟ್ಟಿಯಾಯಿತು. ನನ್ನ ಓದಿನ ಪ್ರಕಾರ ಅನುಮಾನದ ಬೇರು ಇಂಧನದಲ್ಲಿದೆ. 1957ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ನೈಟ್ರೋಮೀಥೇನ್ ನಿಷೇಧಿಸಿತ್ತು. ನಿಷೇಧ ತೆರವಾದದ್ದು 1960ರ ದಶಕದ ಮೊದಲರ್ಧದಲ್ಲಿ. ಆ ನಡುವಿನ ನೈಟ್ರೋ ದಾಖಲೆಗಳೆಲ್ಲ ಆ ಸಂಸ್ಥೆಯ ಪುಸ್ತಕದ ಹೊರಗೇ ಉಳಿದವು.

ನೈಟ್ರೋ ಮಾಡುವ ಕೆಲಸ ಹೀಗಿದೆ. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ನೈಟ್ರೋಮೀಥೇನಿನ ಅಣುವಿನಲ್ಲೇ ಆಮ್ಲಜನಕವಿರುವುದರಿಂದ 1.7 ಕಿಲೋ ಗಾಳಿ ಸಾಕು. ಕಿಲೋ ಲೆಕ್ಕದಲ್ಲಿ ಅದರ ಶಾಖ ಪೆಟ್ರೋಲಿನ ಕಾಲು ಭಾಗದಷ್ಟೇ. ಆದರೆ ಅಷ್ಟೇ ಗಾಳಿಗೆ ಎಂಟು ಪಟ್ಟಿಗೂ ಹೆಚ್ಚು ಇಂಧನ ಸುರಿಯಬಹುದಾದ್ದರಿಂದ ಒಟ್ಟು ಶಾಖ ಎರಡು ಪಟ್ಟು ದಾಟುತ್ತದೆ. ಎಂಜಿನ್ ದೊಡ್ಡದಾಗಲಿಲ್ಲ, ಒಳಗಿನ ಒತ್ತಡ ಹೆಚ್ಚಿತು. ಕಾರ್ಖಾನೆಯ ಎರಕಕ್ಕೆ ಅಸಲಿ ಪರೀಕ್ಷೆ ಶುರುವಾದದ್ದು ಇಲ್ಲಿಂದ.

ಬಳಿಕ ಸೂಪರ್‌ಚಾರ್ಜರ್ ಬಂತು, ಅದೂ ಬೇರೊಂದು ಉತ್ಪಾದನೆಯ ಸಾಮಾನು. ಜನರಲ್ ಮೋಟಾರ್ಸ್‌ನ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್ ಬ್ಲೋವರ್ ಇಲ್ಲದೆ ಉಸಿರಾಡಲಾರದು. ಆ ಬ್ಲೋವರನ್ನೇ ಬಿಚ್ಚಿ ತಂದು ಹೆಮಿಯ ನೆತ್ತಿಯ ಮೇಲೆ ಕೂರಿಸಿದರು. 6-71 ಎಂಬ ಅದರ ಹೆಸರು ಮೂಲ ಡೀಸೆಲ್ ಎಂಜಿನ್ನಿನದು: ಆರು ಸಿಲಿಂಡರ್, ತಲಾ 71 ಘನ ಅಂಗುಲ. ಗುಣಿಸಿದರೆ 426, ಮುಂದೆ ಬರುವ ಹೆಮಿಯ ಅಳತೆಯೂ ಅಷ್ಟೇ ಆದದ್ದು ಕಾಕತಾಳೀಯ. 1959ರಲ್ಲಿ ದಕ್ಷಿಣ ಕೆರೊಲಿನಾದ ಚೆಸ್ಟರ್‌ನಲ್ಲಿ ಬ್ಲೋವರ್ ಸಿಡಿದು ಗಾರ್ಲಿಟ್ಸ್‌ಗೆ ತೀವ್ರ ಸುಟ್ಟಗಾಯಗಳಾದವು. ಆತ ಚೇತರಿಸಿಕೊಳ್ಳುವಾಗ ಆರ್ಟ್ ಮಲೋನ್ ವಾಹನ ಓಡಿಸಿದರು.

ಗಂಟೆಗೆ 200 ಮೈಲಿ ಮೊದಲು ದಾಟಿದವರು ಯಾರು? 1960ರಲ್ಲಿ ಇಲಿನಾಯ್‌ನ ಆಲ್ಟನ್‌ನಲ್ಲಿ ಕ್ರಿಸ್ ಕರಮಸೀನಿಸ್ 204.54 ಮೈಲಿ ಓಡಿದರೆಂದು ವರದಿಯಾಯಿತು. ಅಂದಿನಿಂದ ಇಂದಿನವರೆಗೆ ಅದಕ್ಕೆ ತಕರಾರಿದೆ. 1964ರ ಆಗಸ್ಟ್ 1ರಂದು ನ್ಯೂಜೆರ್ಸಿಯ ಗ್ರೇಟ್ ಮೆಡೋಸ್‌ನಲ್ಲಿ ಗಾರ್ಲಿಟ್ಸ್ 7.78 ಸೆಕೆಂಡು, 201.34 ಮೈಲಿ ಓಡಿದ್ದನ್ನೇ ಅಧಿಕೃತವೆಂದು ಎಣಿಸುತ್ತಾರೆ. ಈ ಎಣಿಕೆಯನ್ನು ನಾನು ಒಪ್ಪುತ್ತೇನೆ. ಆದರೆ ಆಲ್ಟನ್‌ನ ಓಟವನ್ನು ಸುಳ್ಳೆಂದು ತಳ್ಳಿಹಾಕಲು ಇಷ್ಟೇ ಆಧಾರ ಸಾಲದು.

1964ರಲ್ಲೇ ಕ್ರೈಸ್ಲರ್ 426 ಘನ ಅಂಗುಲದ ಹೊಸ ಹೆಮಿಯನ್ನು ಸ್ಟಾಕ್ ಕಾರ್ ರೇಸಿಗಾಗಿ ತಂದಿತು; ಆ ವರ್ಷದ ಡೇಟೋನಾ 500ರಲ್ಲಿ ರಿಚರ್ಡ್ ಪೆಟ್ಟಿ ಅದರಿಂದಲೇ ಗೆದ್ದರು. ಡ್ರ್ಯಾಗ್ ರೇಸಿನವರು ಮಾತ್ರ ಮೊದಲು ಹಳೆಯ 392ಕ್ಕೇ ಅಂಟಿಕೊಂಡರು. ಹೊಸದಕ್ಕೆ ಇಗ್ನಿಷನ್ನಿನ ಕಿಡಿ ಇನ್ನೂ ಮುಂಚೆ ಹೊತ್ತಬೇಕೆಂದು ಗೊತ್ತಾದ ಮೇಲೆ ಅದರ ನಿಜವಾದ ಬಲ ಹೊರಬಿತ್ತು.

ಅಷ್ಟರಲ್ಲಿ ಎಂಜಿನ್ನಿನೊಳಗೆ ಕಾರ್ಖಾನೆಯ ಪಾಲು ಕರಗುತ್ತಿತ್ತು. ಪಿಸ್ಟನ್, ಕ್ಯಾಮ್‌ಶಾಫ್ಟ್, ಕನೆಕ್ಟಿಂಗ್ ರಾಡ್: ಮುರಿದದ್ದನ್ನೆಲ್ಲ ರೇಸಿಗೆಂದೇ ಮಾಡಿದ ಬಿಡಿಭಾಗ ಬದಲಿಸುತ್ತ ಬಂತು. ಬ್ಲಾಕ್ ಒಂದೇ ಕೊನೆಯವರೆಗೆ ನಿಂತಿತು. ಸಿಲಿಂಡರ್ ಗೋಡೆ ಸೀಳಿದರೆ ಇಡೀ ಬ್ಲಾಕೇ ಗುಜರಿಗೆ. 392ರ ಉತ್ಪಾದನೆ ನಿಂತು ಹೋಗಿದ್ದರಿಂದ ಒಳ್ಳೆಯ ಬ್ಲಾಕ್ ಸಿಗುವುದೇ ಅಪರೂಪವಾಯಿತು. 1971ರಲ್ಲಿ ಎಡ್ ಡೊನೊವನ್ ಅದೇ ವಿನ್ಯಾಸದ ಮೇಲೆ 417 ಘನ ಅಂಗುಲದ ಅಲ್ಯೂಮಿನಿಯಂ ಬ್ಲಾಕ್ ಎರಕ ಹೊಯ್ಯಿಸಿದರು. ಗೋಡೆ ಕೆಟ್ಟರೆ ಸ್ಲೀವ್ ಒಂದನ್ನೇ ಬದಲಿಸಬಹುದಿತ್ತು. ಕೆಲವೇ ವರ್ಷಗಳಲ್ಲಿ ಕೀತ್ ಬ್ಲ್ಯಾಕ್ 426ಕ್ಕೂ ಅಲ್ಯೂಮಿನಿಯಂ ಬ್ಲಾಕ್ ಮಾಡಿದರು.

ಆದ್ದರಿಂದ 'ಉತ್ಪಾದನಾ ಎಂಜಿನ್ನಿನ ದಾಖಲೆ' ಎಂಬ ಮಾತನ್ನು ಈ ವರ್ಗದಲ್ಲಿ 1971ರ ನಂತರದ ಓಟಗಳಿಗೆ ಬ್ಲಾಕ್ ಯಾವುದೆಂದು ನೋಡದೆ ಬಳಸಬಾರದು. ಇಂದಿನ ಟಾಪ್ ಫ್ಯುಯೆಲ್ ವಾಹನದ ಬ್ಲಾಕನ್ನು ಅಲ್ಯೂಮಿನಿಯಂ ಗಟ್ಟಿಯಿಂದ ಕೊರೆದು ತೆಗೆಯುತ್ತಾರೆ. ಅಳತೆ 500 ಘನ ಅಂಗುಲ. ಸಿಲಿಂಡರಿಗೆ ವಾಲ್ವ್ ಈಗಲೂ ಎರಡೇ, ಅವನ್ನು ತೆರೆಯುವುದು ಈಗಲೂ ಪುಶ್‌ರಾಡ್‌ಗಳೇ, ಮತ್ತು ಮೂಲ ವಿನ್ಯಾಸ 1964ರ ಹೆಮಿಯದು.