ಹರಾಜುಕಟ್ಟೆಯ ಬೆಳವಣಿಗೆ, ಷೇರುಪೇಟೆಯ ನಿರೀಕ್ಷೆ: ಇಬೇ ಕಂಪನಿಯ ಒಂದು ಅಧ್ಯಯನ

ಅಂತರ್ಜಾಲದಲ್ಲಿ ಹರಾಜು ನಡೆಸುವ ಕಂಪನಿಯ ಬೆಳವಣಿಗೆ ಬಾಳಿಕೆ ಬರುವುದೇ ಎಂಬ ಪ್ರಶ್ನೆಯನ್ನೂ ಅದರ ಷೇರಿನ ಬೆಲೆ ನಿಲ್ಲುವುದೇ ಎಂಬ ಪ್ರಶ್ನೆಯನ್ನೂ ಒಂದೇ ಎಂದು ಎಣಿಸುವ ರೂಢಿ ಹೂಡಿಕೆದಾರರಲ್ಲಿ ಬಲವಾಗಿದೆ. ಇವೆರಡನ್ನೂ ಬೇರೆಬೇರೆಯಾಗಿಯೇ ಪರಿಶೀಲಿಸಬೇಕೆಂಬುದಕ್ಕೆ ಅಮೆರಿಕದ ಇಬೇ ಕಂಪನಿಯ ಚರಿತ್ರೆಯಲ್ಲಿ ಗಟ್ಟಿಯಾದ ಆಧಾರ ಸಿಗುತ್ತದೆ. 2004ರಲ್ಲಿ 327 ಕೋಟಿ ಡಾಲರ್ ಇದ್ದ ಅದರ ವಾರ್ಷಿಕ ವರಮಾನ 2007ರಲ್ಲಿ 767 ಕೋಟಿಗೆ ಏರಿತು. ಆದರೆ ಆ ಮೂರು ವರ್ಷಗಳಲ್ಲಿ ಷೇರಿನ ಬೆಲೆ, 2005ರ ಷೇರು ವಿಭಜನೆಯನ್ನು ಲೆಕ್ಕಕ್ಕೆ ಹಿಡಿದರೂ, ಸುಮಾರು 58 ಡಾಲರಿನಿಂದ 33 ಡಾಲರಿಗೆ ಇಳಿಯಿತು. 2008ರ ಮಹಾ ಆರ್ಥಿಕ ಕುಸಿತ ಆಗಿನ್ನೂ ಷೇರುಪೇಟೆಯನ್ನು ಕೆಡವಿರಲಿಲ್ಲವಾದ್ದರಿಂದ ಈ ಇಳಿಕೆಯ ಹೊಣೆಯನ್ನು ಅದರ ಮೇಲೆ ಹೊರಿಸುವಂತಿಲ್ಲ.

ಪಿಯರ್ ಒಮಿಡ್ಯಾರ್ 1995ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ 'ಆಕ್ಷನ್‌ವೆಬ್' ಎಂಬ ಹೆಸರಿನಿಂದ ಆರಂಭಿಸಿದ ಈ ವ್ಯವಸ್ಥೆಯಲ್ಲಿ ಕಂಪನಿಗೆ ಗೋದಾಮಾಗಲಿ, ದಾಸ್ತಾನಾಗಲಿ, ಸಾಗಾಟದ ತಾಪತ್ರಯವಾಗಲಿ ಇರಲಿಲ್ಲ. ಸರಕು ಮಾರಾಟಗಾರನ ಮನೆಯಿಂದ ನೇರವಾಗಿ ಕೊಳ್ಳುವವನ ಮನೆಗೆ ಹೋಗುತ್ತಿತ್ತು, ಕಂಪನಿಗೆ ದಕ್ಕುತ್ತಿದ್ದುದು ವಸ್ತುವನ್ನು ಪಟ್ಟಿಗೆ ಸೇರಿಸುವ ಶುಲ್ಕ ಮತ್ತು ಮಾರಾಟವಾದ ಬೆಲೆಯಲ್ಲಿ ಒಂದು ಪಾಲು. ಕೊಳ್ಳುವವನು ತಾನು ಕೊಡಬಲ್ಲ ಗರಿಷ್ಠ ಮೊತ್ತವನ್ನು ಗುಟ್ಟಾಗಿ ನಮೂದಿಸಿದರೆ, ಗಣಕವು ಅವನ ಪರವಾಗಿ ಎದುರಾಳಿಯ ಕೂಗಿಗಿಂತ ಒಂದೇ ಮೆಟ್ಟಿಲು ಮೇಲೆ ಕೂಗುತ್ತ ಹೋಗುತ್ತದೆ. ಹೀಗಾಗಿ ಗೆದ್ದವನು ತೆರುವುದು ಹೆಚ್ಚುಕಡಿಮೆ ಎರಡನೆಯವನ ಬೆಲೆಯನ್ನು. ಎರಡನೆಯ ಬೆಲೆಯ ಹರಾಜಿನ ಈ ತತ್ತ್ವವನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿಯೇ ವಿವೇಚಿಸಿದ್ದರು.

ಇಬೇ ಗಟ್ಟಿಯಾಗಿ ನೆಲೆಯೂರಿದ್ದಕ್ಕೆ ಈ ತಂತ್ರಕ್ಕಿಂತ ಮುಖ್ಯವಾದ ಕಾರಣ ಜಾಲ ಪರಿಣಾಮ, ಅಂದರೆ ಕೊಳ್ಳುವವರು ಹೆಚ್ಚಿದಷ್ಟೂ ಮಾರುವವರು ಬರುವ, ಮಾರುವವರು ಹೆಚ್ಚಿದಷ್ಟೂ ಕೊಳ್ಳುವವರು ಬರುವ ಪರಸ್ಪರ ಪೋಷಣೆ. ಇದರ ಜೊತೆಗೆ, ಪ್ರತಿಯೊಂದು ವ್ಯವಹಾರದ ನಂತರ ಕೊಟ್ಟವನೂ ಕೊಂಡವನೂ ಪರಸ್ಪರ ಬರೆಯುವ ಅಭಿಪ್ರಾಯಗಳು ಸೇರಿ ಮಾರಾಟಗಾರನಿಗೆ ಒಂದು ಬಗೆಯ ಬಂಡವಾಳವೇ ಆದವು. ಪಾಲ್ ರೆಸ್ನಿಕ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಕ್ಷೇತ್ರಪ್ರಯೋಗದಲ್ಲಿ, ಒಂದೇ ಬಗೆಯ ಹಳೆಯ ಪೋಸ್ಟ್‌ಕಾರ್ಡುಗಳನ್ನು ಹೆಸರುವಾಸಿ ಮಾರಾಟಗಾರನ ಖಾತೆಯಿಂದಲೂ ಅವನೇ ತೆರೆದ ಹೊಸ ಖಾತೆಗಳಿಂದಲೂ ಮಾರಲಾಯಿತು. ಕಾರ್ಡುಗಳಲ್ಲಿ ವ್ಯತ್ಯಾಸವಿಲ್ಲದಿದ್ದರೂ ಹಳೆಯ ಹೆಸರಿಗೆ ಕೊಳ್ಳುವವರು ಶೇ 8.1ರಷ್ಟು ಹೆಚ್ಚು ತೆರಲು ಸಿದ್ಧರಿದ್ದುದು ಕಂಡುಬಂತು. ಈ ಹೆಸರನ್ನು ಗಂಟುಕಟ್ಟಿಕೊಂಡು ಬೇರೆ ತಾಣಕ್ಕೆ ಹೋಗಲು ಬರುವುದಿಲ್ಲ. ಅಮೆರಿಕದಲ್ಲಿ ಯಾಹೂ ಮೊದಲಿಗೆ ಶುಲ್ಕವನ್ನೇ ಕೇಳದೆ ಹರಾಜು ನಡೆಸಿದರೂ, 1999ರಲ್ಲಿ ಅಮೆಜಾನ್ ತನ್ನದೇ ಹರಾಜುಕಟ್ಟೆಯನ್ನು ತೆರೆದರೂ ಮಾರಾಟಗಾರರು ಇಬೇಯಿಂದ ಕದಲದಿರಲು ಇದೇ ಕಾರಣ.

ಆದರೆ ಜಾಲದ ಬಲ ಮೊದಲು ಬಂದವನ ಪಕ್ಷಪಾತಿ. ಅದಕ್ಕೆ ಇಬೇ ಎಂಬ ಹೆಸರಿನ ಮೇಲೆ ವಿಶೇಷ ಮೋಹವೇನೂ ಇಲ್ಲ. ಜಪಾನಿನಲ್ಲಿ ಯಾಹೂ ಜಪಾನ್ 1999ರಲ್ಲಿಯೇ ನೆಲೆಯೂರಿದ್ದರಿಂದ ತಡವಾಗಿ ಹೋದ ಇಬೇ 2002ರಲ್ಲಿ ಅಂಗಡಿ ಮುಚ್ಚಿತು. ಮೊದಲು ಬಂದದ್ದೊಂದೇ ಎಲ್ಲೆಡೆ ಸಾಕಾಗಲೂ ಇಲ್ಲ: ಚೀನಾದಲ್ಲಿ ಇಬೇ ಈಚ್‌ನೆಟ್ ಕಂಪನಿಯನ್ನು ಕೊಂಡು ಮುಂದಿದ್ದರೂ, 2003ರಲ್ಲಿ ಹುಟ್ಟಿದ ತಾವ್‌ಬಾವ್ ಮಾರಾಟಗಾರರಿಂದ ಶುಲ್ಕ ಪಡೆಯದೆ, ಕೊಳ್ಳುವವನೂ ಮಾರುವವನೂ ನೇರವಾಗಿ ಮಾತಾಡಿ ಚೌಕಾಸಿ ಮಾಡಲು ಅವಕಾಶ ಕೊಟ್ಟು ಅದನ್ನು ಹಿಂದಿಕ್ಕಿತು. ಭಾರತದಲ್ಲಿ 2004ರಲ್ಲಿ ಬಾಜೀ.ಕಾಮ್ ಅನ್ನು ಸುಮಾರು 5 ಕೋಟಿ ಡಾಲರಿಗೆ ಕೊಂಡ ಕಂಪನಿ, 2017ರಲ್ಲಿ ಇಲ್ಲಿನ ವಹಿವಾಟನ್ನು ಬೆಂಗಳೂರಿನ ಫ್ಲಿಪ್‌ಕಾರ್ಟಿಗೆ ಒಪ್ಪಿಸಿ ಅದರಲ್ಲಿ ಷೇರುದಾರನಾಯಿತು. ಮರುವರ್ಷ ವಾಲ್‌ಮಾರ್ಟ್ ಫ್ಲಿಪ್‌ಕಾರ್ಟನ್ನು ಕೊಂಡಾಗ ಆ ಪಾಲನ್ನು ಸುಮಾರು 110 ಕೋಟಿ ಡಾಲರಿಗೆ ಮಾರಿತು. ಹದಿಮೂರು ವರ್ಷ ಅಂಗಡಿ ನಡೆಸಿ ದಕ್ಕದ ಲಾಭ ಒಂದೇ ವರ್ಷದ ಷೇರಿನಿಂದ ದಕ್ಕಿದ್ದು ಇಬೇಯ ವಿದೇಶೀ ಸಾಹಸಗಳ ಬಗ್ಗೆ ಸಾಕಷ್ಟನ್ನು ಹೇಳುತ್ತದೆ.

ಷೇರಿನ ಬೆಲೆಯ ಪ್ರಶ್ನೆಗೆ ಬಂದರೆ, ಒಂದು ಸರಳ ಗುಣಾಕಾರ ಬಹಳಷ್ಟನ್ನು ತಿಳಿಸುತ್ತದೆ. 2002ರಲ್ಲಿ ಇಬೇಯ ಕಟ್ಟೆಯ ಮೇಲೆ ಕೈಬದಲಾದ ಸರಕಿನ ಒಟ್ಟು ಬೆಲೆ 1,487 ಕೋಟಿ ಡಾಲರ್, ಅದರಿಂದ ಕಂಪನಿಗೆ ಬಂದ ವರಮಾನ 121 ಕೋಟಿ. ವರಮಾನ ಆ ವರ್ಷ ಶೇ 62ರಷ್ಟು, ಮರುವರ್ಷ ಶೇ 78ರಷ್ಟು ಹೆಚ್ಚಿತು. ವರ್ಷಕ್ಕೆ ಶೇ 70ರ ವೇಗದಲ್ಲಿ ಹತ್ತು ವರ್ಷ ಬೆಳೆದದ್ದು ಇನ್ನೂರು ಪಟ್ಟಾಗುತ್ತದೆ. ಅಂದರೆ ಅದೇ ಕಮಿಷನ್ ದರದಲ್ಲಿ ಆ ವೇಗ ಉಳಿಯಬೇಕಾದರೆ 2012ರ ಹೊತ್ತಿಗೆ ಸುಮಾರು 3 ಲಕ್ಷ ಕೋಟಿ ಡಾಲರಿನ ಸರಕು, ಎಂದರೆ 2002ರ ಅಮೆರಿಕದ ಇಡೀ ಚಿಲ್ಲರೆ ವ್ಯಾಪಾರಕ್ಕೆ ಸಮೀಪದ ಮೊತ್ತ, ಈ ಒಂದು ಕಟ್ಟೆಯ ಮೇಲೆ ಹರಿಯಬೇಕಿತ್ತು. ಪೇಟೆ ಅಷ್ಟನ್ನು ನಂಬಿರಲಿಲ್ಲ ನಿಜ, ಆದರೂ 2004ರ ಕೊನೆಯಲ್ಲಿ ಬೆಲೆ-ಗಳಿಕೆ ಅನುಪಾತ, ಅಂದರೆ ಷೇರೊಂದಕ್ಕೆ ಬಂದ ವಾರ್ಷಿಕ ಲಾಭದ ಎಷ್ಟು ಪಟ್ಟು ಬೆಲೆ ತೆರಲಾಗುತ್ತಿದೆ ಎಂಬ ಅಳತೆ, ನೂರರ ಆಸುಪಾಸಿನಲ್ಲಿತ್ತು. ಅಂಥ ಬೆಲೆಯಲ್ಲಿ ಸಣ್ಣ ಲೋಪಕ್ಕೂ ಜಾಗವಿರುವುದಿಲ್ಲ: 2005ರ ಜನವರಿಯಲ್ಲಿ ತ್ರೈಮಾಸಿಕ ಗಳಿಕೆ ವಿಶ್ಲೇಷಕರ ಅಂದಾಜಿಗಿಂತ ಷೇರಿಗೆ ಒಂದು ಸೆಂಟ್ ಕಡಿಮೆ ಬಂದಾಗ ಷೇರಿನ ಬೆಲೆ ಒಂದೇ ದಿನ ಶೇ 19ರಷ್ಟು ಕುಸಿಯಿತು. 2002ರಿಂದ 2012ರವರೆಗೆ ವರಮಾನ ವರ್ಷಕ್ಕೆ ಸರಾಸರಿ ಶೇ 28ರಂತೆ ಬೆಳೆದು 1,407 ಕೋಟಿ ಡಾಲರ್ ತಲುಪಿತು. ಯಾವ ಕಂಪನಿಯಾದರೂ ಹೆಮ್ಮೆಪಡಬಹುದಾದ ಈ ಬೆಳವಣಿಗೆಯ ಕೊನೆಯಲ್ಲಿಯೂ ಷೇರು 2004ರ ಬೆಲೆಯನ್ನು ಮುಟ್ಟಿರಲಿಲ್ಲ.

ಆ ವರಮಾನವೂ ಬಹುಪಾಲು ಹರಾಜಿನಿಂದ ಬಂದದ್ದಲ್ಲ. 2002ರಲ್ಲಿ ಕೊಂಡ ಪೇಪಾಲ್ ಎಂಬ ಹಣಪಾವತಿ ಕಂಪನಿಯ ಪಾಲು ವರ್ಷವರ್ಷವೂ ಹಿಗ್ಗಿತು. 2005ರಲ್ಲಿ 260 ಕೋಟಿ ಡಾಲರಿಗೆ ಕೊಂಡ ಸ್ಕೈಪ್ ಮಾತ್ರ ಎರಡೇ ವರ್ಷದಲ್ಲಿ ಭಾರೀ ನಷ್ಟವನ್ನು ಬರೆದುಕೊಳ್ಳುವಂತೆ ಮಾಡಿತು. ಮೂಲ ಕಟ್ಟೆಯ ಮೇಲಿನ ವಹಿವಾಟು 2007ರಲ್ಲಿಯೂ 2008ರಲ್ಲಿಯೂ 6,000 ಕೋಟಿ ಡಾಲರಿನ ಒಳಗೇ ನಿಂತುಬಿಟ್ಟಿತು. ವಹಿವಾಟು ನಿಂತಲ್ಲಿ ವರಮಾನ ಹೆಚ್ಚಿಸಲು ಉಳಿಯುವ ದಾರಿ ಶುಲ್ಕ ಏರಿಸುವುದು. 2005ರ ಏರಿಕೆ ಸಣ್ಣ ಮಾರಾಟಗಾರರನ್ನು ಕೆರಳಿಸಿತು. 2008ರಲ್ಲಿ ಮಾರಾಟಗಾರರು ಕೊಳ್ಳುವವರ ಬಗ್ಗೆ ಪ್ರತಿಕೂಲ ಅಭಿಪ್ರಾಯ ಬರೆಯುವುದನ್ನೇ ಕಂಪನಿ ನಿಲ್ಲಿಸಿದಾಗ ಕೆಲವರು ಸರಕು ಪಟ್ಟಿಮಾಡುವುದನ್ನೇ ನಿಲ್ಲಿಸಿ ಪ್ರತಿಭಟಿಸಿದರು. ಜಾಲವನ್ನು ಕಟ್ಟಿದವರೇ ಇವರು ಎಂಬುದನ್ನು ಆಡಳಿತ ಮರೆತಿತ್ತೆಂದು ಹೇಳುವುದು ಅತಿಯಾಗಲಾರದು.

ಕಟ್ಟೆಯ ವಹಿವಾಟು ಹೀಗೆ ನಿಂತುಬಿಟ್ಟಿದ್ದರ ಮೂಲ ಹರಾಜಿನ ಸ್ವಭಾವದಲ್ಲಿಯೇ ಇದೆ. ಬೆಲೆ ಗೊತ್ತಿಲ್ಲದ ವಸ್ತುವಿನ ಬೆಲೆಯನ್ನು ಕಂಡುಕೊಳ್ಳುವ ಉಪಾಯ ಹರಾಜು. ಹಳೆಯ ನಾಣ್ಯಕ್ಕೆ, ಅಂಚೆಚೀಟಿಗೆ, ತಯಾರಿಕೆ ನಿಂತ ಕ್ಯಾಮೆರಾಕ್ಕೆ ಅದು ಬೇಕು, ಕಾರ್ಖಾನೆಯಿಂದ ಈಗಷ್ಟೇ ಹೊರಬಂದ ಮೊಬೈಲಿಗೆ ಬೇಡ. ಬೆಲೆ ಗೊತ್ತಿದ್ದಾಗ ಏಳು ದಿನ ಕಾದು ಕೊನೆಯ ಕ್ಷಣದಲ್ಲಿ ಕೂಗಿನಲ್ಲಿ ಸೋಲುವ ತಾಳ್ಮೆ ಕೊಳ್ಳುವವನಿಗಿರುವುದಿಲ್ಲ. ಲಿರಾನ್ ಐನಾವ್ ಮತ್ತು ಸಹಲೇಖಕರು ಇಬೇಯದೇ ದತ್ತಾಂಶವನ್ನು ಬಳಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವು, ಹರಾಜಿನಿಂದ ನಿಗದಿತ ಬೆಲೆಯತ್ತ ಆದ ಪಲ್ಲಟಕ್ಕೆ ಸರಕಿನ ಅಥವಾ ಮಾರಾಟಗಾರರ ಬದಲಾವಣೆ ಮುಖ್ಯ ಕಾರಣವಲ್ಲ, ಕೊಳ್ಳುವವರಲ್ಲಿ ಹರಾಜಿನ ಬಗೆಗಿನ ಒಲವೇ ಕುಗ್ಗಿದೆ ಎಂಬ ನಿರ್ಣಯಕ್ಕೆ ಬರುತ್ತದೆ. ನಿಗದಿತ ಬೆಲೆಯ ಮಾರಾಟಕ್ಕೆ ಇಳಿದೊಡನೆ ಸ್ಪರ್ಧೆ ಅಮೆಜಾನಿನ ಗೋದಾಮು ಮತ್ತು ಸಾಗಾಟದ ಜೊತೆಗೆ. ಗೋದಾಮಿಲ್ಲದಿರುವುದು ಅಲ್ಲಿ ಅನುಕೂಲವಲ್ಲ, ಕೊರತೆ.

ಪೇಪಾಲ್ 2015ರಲ್ಲಿ ಪ್ರತ್ಯೇಕವಾದ ಮೇಲಿನ ಇಬೇ ಈ ಮಿತಿಯನ್ನು ಒಪ್ಪಿಕೊಂಡಂತಿದೆ. ಕೈಗಡಿಯಾರ, ಸ್ನೀಕರ್, ಸಂಗ್ರಹಯೋಗ್ಯ ಕಾರ್ಡುಗಳ ಅಸಲಿತನವನ್ನು ಪರೀಕ್ಷಿಸಿ ಕೊಡುವ ಏರ್ಪಾಡುಗಳನ್ನು ಅದು ಬೆಳೆಸಿತು, 2019ರಿಂದ ಷೇರುದಾರರಿಗೆ ಲಾಭಾಂಶ ಹಂಚತೊಡಗಿತು, ತನ್ನ ಟಿಕೆಟ್ ಮರುಮಾರಾಟ ತಾಣವಾದ ಸ್ಟಬ್‌ಹಬ್ ಮತ್ತು ಕೊರಿಯಾದ ವಹಿವಾಟನ್ನು ಮಾರಿತು, ಭಾರೀ ಪ್ರಮಾಣದಲ್ಲಿ ತನ್ನ ಷೇರುಗಳನ್ನು ತಾನೇ ಮರಳಿ ಕೊಂಡಿತು. 2015ರ ಕೊನೆಯಲ್ಲಿ ಸುಮಾರು 118 ಕೋಟಿಯಿದ್ದ ಷೇರುಗಳ ಸಂಖ್ಯೆ 2023ರ ಕೊನೆಗೆ ಸುಮಾರು 52 ಕೋಟಿಗೆ ಇಳಿಯಿತು. ಈ ಅವಧಿಯಲ್ಲಿ ಷೇರಿನ ಬೆಲೆ 27 ಡಾಲರಿನ ಆಸುಪಾಸಿನಿಂದ 43ರ ಆಸುಪಾಸಿಗೆ ಏರಿದ್ದನ್ನು ಕಂಡು ಕಂಪನಿ ಬೆಳೆಯಿತೆಂದು ಭಾವಿಸುವವರು ಎರಡನ್ನೂ ಗುಣಿಸಿ ನೋಡಬೇಕು: ಷೇರುಗಳೆಲ್ಲವುಗಳ ಒಟ್ಟು ಮೌಲ್ಯ ಸುಮಾರು 3,200 ಕೋಟಿ ಡಾಲರಿನಿಂದ 2,250 ಕೋಟಿಗೆ ಇಳಿದಿತ್ತು.