ಮುಸುರೆ ಪಾತ್ರೆಯ ಚರಿತ್ರೆ

ಕಳೆದ ಬೇಸಿಗೆಯಲ್ಲಿ ತುಮಕೂರಿನ ನಮ್ಮ ಮನೆಯ ಪಾತ್ರೆ ತೊಳೆಯುವ ಯಂತ್ರ ಮುಷ್ಕರ ಹೂಡಿತು. ನೀರು ತುಂಬಿಕೊಳ್ಳುತ್ತಿತ್ತು, ಸದ್ದು ಮಾಡುತ್ತಿತ್ತು. ಆದರೆ ಎರಡು ಗಂಟೆಯ ಬಳಿಕ ಬಾಗಿಲು ತೆರೆದರೆ ಲೋಟಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪೊರೆ, ತಟ್ಟೆಯ ಅಂಚಿನಲ್ಲಿ ಹಿಂದಿನ ರಾತ್ರಿಯ ಸಾರಿನ ಗುರುತು. ಕಂಪನಿಯವರಿಗೆ ಫೋನು ಮಾಡಿದೆವು. ಕಂಪನಿಯ ಹೆಸರು ಬೇಡ, ಎಲ್ಲ ಕಂಪನಿಗಳ ಕತೆಯೂ ಹೆಚ್ಚುಕಡಿಮೆ ಒಂದೇ. ಮೂರನೆಯ ವಾರ ಬಂದ ಹುಡುಗ ಒಳಗೆ ಟಾರ್ಚು ಬಿಟ್ಟು ನೋಡಿ, ಪಂಪು ಹೋಗಿದೆ, ಬದಲಾಯಿಸಬೇಕು ಎಂದ. ಅವನು ಹೇಳಿದ ಮೊತ್ತ ಕೇಳಿ ಮನೆಮಂದಿಯೆಲ್ಲ ಸುಮ್ಮನಾದೆವು. ಅವನು ಹೋದ ಮೇಲೆ ಯಂತ್ರವನ್ನು ನಾವೇ ಬಿಚ್ಚಿ ನೋಡುವುದೆಂದು ತೀರ್ಮಾನವಾಯಿತು.

ಬಿಚ್ಚಿದ ಮೇಲೆ ಸಿಕ್ಕಿದ್ದು ಕೆಟ್ಟ ಪಂಪಲ್ಲ. ಅದರ ವಿವರ ಮುಂದೆ ಬರುತ್ತದೆ. ಆದರೆ ಅಡುಗೆಮನೆಯ ನೆಲದ ಮೇಲೆ ಕೂತು ಆ ಬಿಳಿಯ ಪೊರೆಯನ್ನು ಕೆರೆಯುತ್ತಿದ್ದಾಗ, ಈ ಕೆಲಸವನ್ನು ಇದಕ್ಕೂ ಮೊದಲು ಎಲ್ಲೋ ನೋಡಿದ್ದೇವಲ್ಲ ಅನ್ನಿಸಿತು. ಕುಣಿಗಲ್ಲಿನ ಅಜ್ಜಿಯ ಮನೆಯ ಮುಂದೆ, ಬೇವಿನ ಮರದ ನೆರಳಲ್ಲಿ ತಿದಿ ಒತ್ತುತ್ತಿದ್ದ ಕಲಾಯಿ ಸಾಬರು ನೆನಪಿಗೆ ಬಂದರು.

ಅಡುಗೆಯ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರವಣಿಗೆ ಇದೆ. ಉಂಡ ಮೇಲೆ ಪಾತ್ರೆ ತಿಕ್ಕಿದವರ ಬಗ್ಗೆ ಬರೆದವರು ಅಪರೂಪ. 'ಮುಸುರೆ' ಎಂಬ ಮಾತೇ ನೋಡಿ. ಅದು ಕೇವಲ ಕೊಳೆಯಾದ ಪಾತ್ರೆಯ ಹೆಸರಲ್ಲ, ಅದರೊಳಗೆ ಮಡಿ ಮೈಲಿಗೆಯ ಲೆಕ್ಕವೆಲ್ಲ ಅಡಗಿದೆ. ಬೆಂದ ಅನ್ನ ಮುಟ್ಟಿದ ಕೈಯೂ ಮುಸುರೆ, ಆ ಕೈ ಮುಟ್ಟಿದ ಗಡಿಗೆಯೂ ಮುಸುರೆ. ಮುಸುರೆ ತಿಕ್ಕುವುದು ಮನೆಯಲ್ಲಿ ಹೆಂಗಸರ ಪಾಲಿಗೆ ಬಂತು; ಹೆಂಗಸರಲ್ಲೂ ಸೊಸೆಯ ಪಾಲಿಗೆ. ಉಳ್ಳವರ ಮನೆಯಲ್ಲಿ ಹಿತ್ತಿಲ ಬಾಗಿಲಿನಿಂದ ಬರುವವಳ ಪಾಲಿಗೆ. ಈ ಒಂದು ವಿಷಯದಲ್ಲಿ ಜಾತಿ ಧರ್ಮಗಳ ನಡುವೆ ಹೆಚ್ಚಿನ ವ್ಯತ್ಯಾಸ ನಮಗೆ ಕಂಡಿಲ್ಲ.

ಆ ಹೆಂಗಸರ ಕೈಯಲ್ಲಿ ಇದ್ದದ್ದು ಒಲೆಯ ಬೂದಿ, ಹುಣಸೆಹಣ್ಣು ಮತ್ತು ತೆಂಗಿನ ನಾರು. ತುಮಕೂರು ಸೀಮೆಯಲ್ಲಿ ನಾರಿಗೇನೂ ಬರವಿಲ್ಲ. ಬೂದಿಯಲ್ಲಿರುವ ಕ್ಷಾರ ಜಿಡ್ಡನ್ನು ಹಿಡಿದು ಸಾಬೂನಿನಂತೆ ಮಾಡುತ್ತದೆ, ಹುಣಸೆಯ ಹುಳಿ ತಾಮ್ರದ ಕಿಲುಬನ್ನು ಕರಗಿಸುತ್ತದೆ. ಇದು ಪಕ್ಕಾ ರಸಾಯನಶಾಸ್ತ್ರ, ಓದು ಬಾರದವರ ಕೈಯಲ್ಲಿದ್ದ ಶಾಸ್ತ್ರ. ಇಂದು ಯಂತ್ರಕ್ಕೆ ಹಾಕುವ ಪುಡಿಯಲ್ಲೂ ಮುಖ್ಯವಾಗಿ ಇರುವುದು ಕ್ಷಾರವೇ, ಸೋಡಾ. ಕ್ಷಾರಕ್ಕೆ ಇಂಗ್ಲಿಷಿನಲ್ಲಿ ಆಲ್ಕಲಿ ಎನ್ನುತ್ತಾರೆ. ಆ ಮಾತು ಬಂದದ್ದು ಅರಬ್ಬಿಯಿಂದ. ಅಲ್ಲಿ ಅದಕ್ಕೆ ಉಪ್ಪುನೆಲದ ಗಿಡಗಳನ್ನು ಸುಟ್ಟ ಬೂದಿ ಎಂದೇ ಅರ್ಥ. ಅಂದರೆ ನಮ್ಮ ಅಜ್ಜಿಯರ ಬೂದಿಯೂ ಪ್ರಯೋಗಶಾಲೆಯ ಆಲ್ಕಲಿಯೂ ಒಂದೇ ಒಲೆಯಿಂದ ಬಂದವು.

'ಕಲಾಯಿ' ಕೂಡ ಅರಬ್ಬಿಯದೇ ಮಾತು, ಆದರೆ ಅದು ಬೇರೆ. ಅರಬ್ಬಿಯಲ್ಲಿ ಕಲಯಿ ಎಂದರೆ ತವರ. ಮಲಯ ದ್ವೀಪಕಲ್ಪದ ಕಡೆ ಕಲಾ ಎಂಬ ರೇವು ಇತ್ತೆಂದು ಅರಬ್ ಭೂಗೋಳಕಾರರು ಬರೆದಿದ್ದಾರೆ. ತವರ ಅಲ್ಲಿಂದ ಹಡಗೇರಿ ಬರುತ್ತಿದ್ದುದರಿಂದ ಲೋಹಕ್ಕೂ ಊರಿನ ಹೆಸರೇ ನಿಂತಿತು ಎಂಬುದು ವಿದ್ವಾಂಸರ ವಿವರಣೆ. ಹಾಗೆ ಕಡಲು ದಾಟಿ ಬಂದ ಮಾತು ಕುಣಿಗಲ್ಲಿನ ಬೀದಿಯಲ್ಲಿ 'ಕಲಾಯ್... ಕಲಾಯ್' ಎಂಬ ಕೂಗಾಯಿತು.

ಆ ಕೂಗು ಕೇಳಿದೊಡನೆ ಅಜ್ಜಿ ಅಟ್ಟದಿಂದ ಪಾತ್ರೆಗಳನ್ನು ಇಳಿಸುತ್ತಿದ್ದರು. ಸಾಬರು ನೆಲದಲ್ಲಿ ಗೇಣುದ್ದ ಗುಂಡಿ ತೋಡಿ, ತಿದಿಯ ಕೊಳವೆಯನ್ನು ಅದರೊಳಗೆ ಹೂತು, ಇದ್ದಿಲು ಹಾಕಿ ಬೆಂಕಿ ಮಾಡುತ್ತಿದ್ದರು. ಅವರ ಮಗನೋ ತಮ್ಮನೋ ಒಬ್ಬ ಹುಡುಗ ಪಾತ್ರೆಯೊಳಗೆ ಮರಳು ಹಾಕಿ, ಬರಿಗಾಲಲ್ಲಿ ಒಳಗೆ ನಿಂತು, ಗೋಡೆ ಹಿಡಿದುಕೊಂಡು ಸೊಂಟ ತಿರುಗಿಸುತ್ತ ಉಜ್ಜುತ್ತಿದ್ದ. ಮಕ್ಕಳಿಗೆ ಅದೊಂದು ಕುಣಿತ, ಅವನಿಗೆ ಅದು ಅನ್ನ. ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಚೆಲ್ಲುತ್ತಿದ್ದರು. ಬುಸ್ಸೆಂದು ಬಿಳಿಯ ಹೊಗೆ ಎದ್ದು ಮೂಗು ಕಟ್ಟುತ್ತಿತ್ತು. ಹೊಗೆಯ ನಡುವೆಯೇ ತವರದ ಕಡ್ಡಿಯನ್ನು ಪಾತ್ರೆಯ ತಳಕ್ಕೆ ಮುಟ್ಟಿಸಿ, ಕರಗಿದ ತವರವನ್ನು ಹತ್ತಿಯಿಂದ ಸರ್ರನೆ ಸುತ್ತಲೂ ಒರೆಸಿಬಿಡುತ್ತಿದ್ದರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೆಂಪು ಪಾತ್ರೆಯ ಹೊಟ್ಟೆ ಬೆಳ್ಳಿಯಾಗುತ್ತಿತ್ತು.

ಇದರಲ್ಲಿ ಮಂತ್ರವೇನೂ ಇಲ್ಲ. ತವರ 232 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಕರಗುವ ಮೆದು ಲೋಹ. ನವಸಾಗರ ತಾಮ್ರದ ಮೈಮೇಲಿನ ತುಕ್ಕನ್ನು ಕಿತ್ತು ಹಾಕಿ, ತವರ ಅಂಟಿಕೊಳ್ಳಲು ಜಾಗ ಮಾಡಿಕೊಡುತ್ತದೆ. ಹುಳಿಸಾರು ತಾಮ್ರ ಹಿತ್ತಾಳೆಯನ್ನು ನೇರವಾಗಿ ಮುಟ್ಟಿದರೆ ಕಿಲುಬೆದ್ದು ಊಟ ವಿಷವಾಗುತ್ತದೆ. ಆದ್ದರಿಂದ ಕಲಾಯಿ ಅಂದಚೆಂದದ ಕೆಲಸವಲ್ಲ, ಮನೆಮಂದಿಯ ಜೀವ ಕಾಯುವ ಕೆಲಸ. ಮಠದ ದಾಸೋಹದ ಕೊಪ್ಪರಿಗೆಗೂ ಮುಸಲ್ಮಾನರ ಮದುವೆಯ ಬಿರಿಯಾನಿ ಡೇಗಿಗೂ ಅದೇ ಕಲಾಯಿ, ಅದೇ ತಿದಿ. ಮಡಿ ಅಡುಗೆಯ ಮನೆಯವರೂ ತಮ್ಮ ಪಾತ್ರೆಯ ಒಳಮೈಯನ್ನು ಸಾಬರ ಕೈಗೇ ಒಪ್ಪಿಸುತ್ತಿದ್ದರು. ಬೆಂಕಿ ಕಂಡ ಲೋಹಕ್ಕೆ ಮೈಲಿಗೆ ಇಲ್ಲ ಎಂದು ಅದಕ್ಕೊಂದು ದಾರಿ ಹುಡುಕಿಕೊಂಡಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ಕರ್ನಾಟಕದ ಮುಸ್ಲಿಮರಲ್ಲಿ ಪಿಂಜಾರ, ನಾಲಬಂದ್, ಸಿಕ್ಕಲಿಗಾರ ಎಂಬ ಸಮುದಾಯಗಳಿವೆ. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಈ ಹೆಸರುಗಳನ್ನು ಓದಿ ಮುಂದೆ ಹೋಗುತ್ತೇವೆ. ಒಂದು ಗಳಿಗೆ ನಿಂತು ನೋಡಿದರೆ ಇವೆಲ್ಲ ಹಳತನ್ನು ಮತ್ತೆ ಕೆಲಸಕ್ಕೆ ತರುವ ಕಸುಬುಗಳು. ಪಿಂಜಾರರು ಗಂಟುಗಟ್ಟಿದ ಹಾಸಿಗೆಯ ಹತ್ತಿಯನ್ನು ಮತ್ತೆ ಹಿಂಜಿ ಹಗುರ ಮಾಡಿದರು, ಸಿಕ್ಕಲಿಗಾರರು ಮೊಂಡಾದ ಕತ್ತಿಗೆ ಸಾಣೆ ಹಿಡಿದರು, ನಾಲಬಂದರು ಸವೆದ ಲಾಳ ಕಿತ್ತು ಹೊಸ ಲಾಳ ಹೊಡೆದರು. ಟಿಪ್ಪುವಿನ ಕಾಲದಿಂದಲೂ ಕುದುರೆಗಳಿಗೆ ಹೆಸರಾದ ಕುಣಿಗಲ್ಲಿನಲ್ಲಿ ನಾಲಬಂದರಿಲ್ಲದೆ ನಡೆಯುತ್ತಿತ್ತೆ? ಈಗ ನಗರಗಳಲ್ಲಿ 'ಎಸೆಯಬೇಡಿ, ರಿಪೇರಿ ಮಾಡಿ' ಎಂಬ ಮಾತು ಹೊಸ ವಿಚಾರದಂತೆ ಕೇಳಿಸುತ್ತದೆ. ಅದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದವರನ್ನು ನಾವು ಗಮನಿಸಲೇ ಇಲ್ಲ.

ಕಲಾಯಿಯನ್ನು ಮುಗಿಸಿದ್ದು ಯಂತ್ರವಲ್ಲ, ಲೋಹ. ಮೊದಲು ಅಲ್ಯೂಮಿನಿಯಂ ಬಂತು. ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷ್ ಎಂಜಿನಿಯರ್ 1898ರ ಸುಮಾರಿಗೆ ಮದರಾಸಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸತೊಡಗಿದ. ಇದೇ ಚಾಟರ್ಟನ್ 1910ರ ದಶಕದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕನೂ ಆಗಿದ್ದ. ಅಲ್ಯೂಮಿನಿಯಂ ಅಗ್ಗ, ಹಗುರ, ಕಲಾಯಿ ಬೇಡ. ಆದರೆ ಅದಕ್ಕೆ ಬಡವರ ಪಾತ್ರೆ ಎಂಬ ಹೆಸರು ಅಂಟಿತು. ಸ್ವಾತಂತ್ರ್ಯ ಬಂದ ಕೆಲವು ದಶಕಗಳಲ್ಲಿ ಸ್ಟೀಲು ಬಂದಾಗ ಆ ಕೀಳರಿಮೆಯೂ ಹೋಯಿತು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಬುಟ್ಟಿ ಹೊತ್ತು ಬೀದಿಗೆ ಬಂದರು. 1980ರ ದಶಕದ ಆರಂಭದಲ್ಲಿ ಪಕ್ಕದ ಸೇಲಂನಲ್ಲೇ ಸ್ಟೇನ್‌ಲೆಸ್ ಸ್ಟೀಲ್ ತಗಡು ತಯಾರಾಗತೊಡಗಿತು. ಕುಣಿಗಲ್ಲಿಗೆ ಹತ್ತಿರದ ನಾಗಮಂಗಲ ಒಂದು ಕಾಲಕ್ಕೆ ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು. ನಮ್ಮ ಅಜ್ಜಿಯ ಹಂಡೆಗಳು ಎಲ್ಲಿಯವೋ ಕಾಣೆವು. ತೂಕಕ್ಕೆ ಹಾಕಿದಾಗ ಅವುಗಳ ಊರು ಕೇರಿ ಯಾರೂ ಕೇಳಲಿಲ್ಲ.

ಇನ್ನು ಯಂತ್ರದ ಕತೆ. ಗುಬ್ಬಿಗೆ ರೈಲು ಬಂದದ್ದು 1884ರ ಸುಮಾರಿಗೆ. ಗುಬ್ಬಿಯ ನಾಟಕ ಕಂಪನಿ ಹುಟ್ಟಿದ್ದೂ ಅದೇ 1884ರಲ್ಲಿ. ಎರಡು ವರ್ಷದ ಬಳಿಕ, 1886ರ ಡಿಸೆಂಬರ್ 28ರಂದು, ಅಮೆರಿಕದ ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಎಂಬ ಸಣ್ಣ ಊರಿನ ಜೋಸೆಫಿನ್ ಕಾಕ್ರನ್ ಎಂಬ ವಿಧವೆ ಪಾತ್ರೆ ತೊಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದಳು. ಅದಕ್ಕೂ ಮೊದಲು, 1850ರಲ್ಲೇ, ಕೈಯಲ್ಲಿ ತಿರುಗಿಸುವ ಮರದ ಯಂತ್ರವೊಂದಕ್ಕೆ ಪೇಟೆಂಟ್ ಸಿಕ್ಕಿತ್ತು. ಅದು ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಕಾಕ್ರನ್ ಬಡವಿಯಲ್ಲ, ಮನೆತುಂಬ ಆಳುಗಳಿದ್ದ ಮನೆಯವಳು. ಆಳುಗಳು ತೊಳೆಯುವಾಗ ಬೆಲೆಬಾಳುವ ಪಿಂಗಾಣಿ ಚಕ್ಕೆ ಏಳುತ್ತದೆ ಎಂಬುದು ಅವಳ ಚಿಂತೆ. ಆಳುಗಳ ಬೆನ್ನು ನೋವಿನ ಚಿಂತೆಯಿಂದ ಈ ಯಂತ್ರ ಹುಟ್ಟಲಿಲ್ಲ ಎಂಬುದನ್ನು ಗಮನಿಸಬೇಕು. ಆದರೆ 1883ರಲ್ಲಿ ಗಂಡ ಸತ್ತು, ಮನೆಯಲ್ಲಿ ಸಾಲ ಉಳಿದಾಗ ಅದೇ ಯಂತ್ರ ಅವಳಿಗೆ ಬದುಕಿನ ದಾರಿಯಾಯಿತು. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಬ್ಬ ಮೆಕ್ಯಾನಿಕ್‌ನ ನೆರವಿನಿಂದ ಅದನ್ನು ಕಟ್ಟಿದಳು. 1893ರ ಶಿಕಾಗೊ ವಸ್ತುಪ್ರದರ್ಶನದಲ್ಲಿ ಬಹುಮಾನ ಬಂತು. ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ಅದೇ ಪ್ರದರ್ಶನದ ಅಂಗವಾಗಿ ನಡೆದದ್ದು. ಕೊಂಡವರು ಹೋಟೆಲುಗಳವರು; ಅಮೆರಿಕದ ಮನೆಗಳಿಗೂ ಅದು ಹೊಕ್ಕದ್ದು 1950ರ ದಶಕದಲ್ಲಿ.

ನಮ್ಮ ಕಡೆಗೆ ಬಂದದ್ದು ಕೊರೋನಾ ಕಾಲದಲ್ಲಿ ಎನ್ನಬಹುದು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು, ಮನೆಗೆಲಸದವರು ಬರುವಂತಿರಲಿಲ್ಲ, ಬೆಂಗಳೂರಿನಲ್ಲಿ ಈ ಯಂತ್ರಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ನಮ್ಮ ಮನೆಗೂ ಆಗಲೇ ಬಂತು.

ಅದು ಇಲ್ಲಿ ಸೊರಗಲು ಕಾರಣ ನೀರು. ಒಂದು ಕಾಲಕ್ಕೆ ಕುಣಿಗಲ್ಲಿಗೆ ತನ್ನ ದೊಡ್ಡ ಕೆರೆ ಇತ್ತು. ಜನಪದರು ಹಾಡಿ ಹೊಗಳಿದ ಕೆರೆ ಅದು. ಗುಬ್ಬಿ, ತುಮಕೂರುಗಳಿಗೂ ಕೆರೆಗಳೇ ಗತಿ. ಕೆರೆ ಬತ್ತಿದ ಮೇಲೆ ಕೊಳವೆಬಾವಿಗಳು ಬಂದವು, ಕಲ್ಲಿನ ಸೀಳುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಮೇಲೆ ಬಂತು. ಹೇಮಾವತಿಯ ನೀರು ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆ ತುಂಬಿದರೆ ತುಮಕೂರಿಗೆ ಸಿಹಿ ನೀರು. ಇಲ್ಲದ ದಿನ ಬೋರಿನ ನೀರೇ ಗತಿ. ಬೇಳೆ ಬೇಯದ ನೀರು ಎಂದು ನಮ್ಮ ಹೆಂಗಸರು ಅದನ್ನು ಒಂದೇ ಮಾತಿನಲ್ಲಿ ಪರೀಕ್ಷೆ ಮಾಡಿ ಮುಗಿಸುತ್ತಾರೆ. ಪುಸ್ತಕದ ಮಾತಿನಲ್ಲಿ ಅದು ಗಡಸು ನೀರು, ಸುಣ್ಣದ ಅಂಶ ಕರಗಿರುವ ನೀರು. ಕಾಯಿಸಿದರೆ ಆ ಸುಣ್ಣ ಬೇರೆಯಾಗಿ ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ.

ಯಂತ್ರ ಮಾಡುವುದೇ ನೀರು ಕಾಯಿಸುವ ಕೆಲಸ. ತಳದಲ್ಲಿ ಒಂದಷ್ಟು ನೀರು ನಿಲ್ಲಿಸಿಕೊಂಡು, ಕಾಯಿಸಿ, ಪಂಪಿನಿಂದ ಮೇಲೆತ್ತಿ, ತೂತುಗಳಿರುವ ರೆಕ್ಕೆಯಂತಹ ಕೊಳವೆಗಳಿಂದ ಪಾತ್ರೆಗಳ ಮೇಲೆ ಎರಚುತ್ತದೆ. ಆ ಚಿಮ್ಮುವ ರಭಸಕ್ಕೇ ರೆಕ್ಕೆ ತಿರುಗುತ್ತದೆ. ಸುಣ್ಣ ಕಟ್ಟದಿರಲೆಂದು ಒಳಗೊಂದು ಡಬ್ಬಿಯಲ್ಲಿ ರಾಳದ ಸಣ್ಣ ಮಣಿಗಳಿರುತ್ತವೆ. ಅವು ನೀರಿನ ಸುಣ್ಣವನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದಾಗ ಉಪ್ಪುನೀರು ಹಾಯಿಸಿ ತೊಳೆಯಬೇಕು. ಅದಕ್ಕೇ ಯಂತ್ರಕ್ಕೆ ಉಪ್ಪು ಹಾಕುವುದು. ನಮ್ಮ ಯಂತ್ರದ ಉಪ್ಪಿನ ಡಬ್ಬಿ ಖಾಲಿಯಾಗಿ ಎಷ್ಟು ತಿಂಗಳಾಗಿತ್ತೋ! ಅದರ ದೀಪ ಮಿನುಗುತ್ತಲೇ ಇತ್ತು, ನಾವು ಅದನ್ನು ಅಲಂಕಾರ ಎಂದುಕೊಂಡಿದ್ದೆವು.

ಬಿಚ್ಚಲು ಜೊತೆಗೆ ಕೂತವರು ನಮ್ಮ ಬೀದಿಯ ಹಿರಿಯರೊಬ್ಬರು, ತುಮಕೂರಿನ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಯಲ್ಲಿ ದುಡಿದವರು. 2016ರಲ್ಲಿ ಎಚ್.ಎಂ.ಟಿ.ಯ ಗಡಿಯಾರ ವಿಭಾಗವನ್ನೇ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಆದರೆ ಆ ಕಾರ್ಖಾನೆ ಕಲಿಸಿದ ಕೈಗಳು ಊರಿನಲ್ಲಿ ಇನ್ನೂ ಉಳಿದಿವೆ. "ಮೊದಲು ಪ್ಲಗ್ ಕೀಳಿ, ನಲ್ಲಿ ಕಟ್ಟಿ. ಬಿಚ್ಚಿದ ಸ್ಕ್ರೂ ಬಿಚ್ಚಿದ ಸಾಲಿನಲ್ಲೇ ಇಡಿ" ಎಂದರು. ತಳದ ಜಾಲರಿ ತಿರುಗಿಸಿ ತೆಗೆದರೆ ಕರಿಬೇವಿನ ದಂಟು, ಸಾಸಿವೆ, ಗಟ್ಟಿಯಾದ ರಾಗಿಹಿಟ್ಟಿನ ಅಂಟು. ರೆಕ್ಕೆ ಕಳಚಿ ಬೆಳಕಿಗೆ ಹಿಡಿದರೆ ಅರ್ಧಕ್ಕರ್ಧ ತೂತುಗಳಲ್ಲಿ ಸುಣ್ಣ. ಗುಂಡುಸೂಜಿಯಿಂದ ಚುಚ್ಚಿ, ಬಿಸಿನೀರಿಗೆ ನಿಂಬೆಉಪ್ಪು ಹಾಕಿ ಒಂದು ರಾತ್ರಿ ನೆನೆಸಿದೆವು. ಮರುದಿನ ಬಾಗಿಲಿನ ರಬ್ಬರು ಒರೆಸಿ, ಹೊರಗೆ ನೀರು ಬಿಡುವ ಪೈಪಿನ ಮಡಿಕೆ ಸರಿಮಾಡಿ, ಒಳಗೆ ನಿಂಬೆಉಪ್ಪು ಇಟ್ಟು ಒಮ್ಮೆ ಖಾಲಿ ಓಡಿಸಿದೆವು. ಪಾತ್ರೆ ಮತ್ತೆ ಹೊಳೆಯಿತು. ಖರ್ಚಾದದ್ದು ನಿಂಬೆಉಪ್ಪು ಮತ್ತು ಈ ಯಂತ್ರಗಳಿಗೆಂದೇ ಮಾರುವ ಒಂದು ಚೀಲ ಉಪ್ಪು. ಅಡುಗೆಯ ಪುಡಿಉಪ್ಪು ಆಗದು, ಅದು ಗಂಟುಕಟ್ಟದಂತೆ ಬೆರೆಸಿರುವ ಪದಾರ್ಥ ಮಣಿಗಳಿಗೆ ಒಳ್ಳೆಯದಲ್ಲ. ಮೋಟಾರು, ವಿದ್ಯುತ್ ತಂತಿಗಳ ತಂಟೆಗೆ ಮಾತ್ರ ನಾವು ಹೋಗಲಿಲ್ಲ. ಅದಕ್ಕೆ ಬಲ್ಲವರೇ ಬೇಕು.

ಯುರೋಪಿನಲ್ಲಿ 2021ರ ಮಾರ್ಚ್ 1ರಿಂದ ಒಂದು ನಿಯಮವಿದೆ. ಇಂತಹ ಯಂತ್ರ ಮಾರುವವರು ಕೆಲವು ಬಿಡಿಭಾಗಗಳನ್ನು 7 ವರ್ಷ, ಜಾಲರಿ, ರೆಕ್ಕೆ, ಬಾಗಿಲ ರಬ್ಬರಿನಂತಹವನ್ನು 10 ವರ್ಷ ಒದಗಿಸಲೇಬೇಕು. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿತು, ಮಾಹಿತಿ ಕೊಡುವ ತಾಣವನ್ನೂ ತೆರೆಯಿತು. ಒಳ್ಳೆಯದೇ. ಆದರೆ ನಮ್ಮ ಬೀದಿಯಲ್ಲಿ ಕೂತು ರಿಪೇರಿ ಮಾಡುತ್ತಿದ್ದವರು ಹಕ್ಕು ಕೇಳಿರಲಿಲ್ಲ, ಕೆಲಸ ಕೇಳಿದ್ದರು.

ಕೊನೆಯದಾಗಿ ಒಂದು ವಿಷಯವನ್ನು ಮುಚ್ಚಿಡುವಂತಿಲ್ಲ. 2020ರವರೆಗೆ ನಮ್ಮ ಮನೆಯ ಪಾತ್ರೆ ತೊಳೆಯುತ್ತಿದ್ದ ಅಕ್ಕ ಒಬ್ಬರಿದ್ದರು. ಮನೆಗೆಲಸಕ್ಕೂ ಕನಿಷ್ಠ ವೇತನ ಇದೆ ಎಂದು ಕರ್ನಾಟಕ ಸರ್ಕಾರ 2004ರಲ್ಲೇ ಆದೇಶ ಮಾಡಿದೆ. ಅದನ್ನು ಓದಿ ಸಂಬಳ ಕೊಟ್ಟ ಮನೆಗಳು ಎಷ್ಟಿವೆಯೋ; ನಮ್ಮದಂತೂ ಅಲ್ಲ. ಲಾಕ್‌ಡೌನಿನಲ್ಲಿ ಎರಡು ತಿಂಗಳು ದುಡ್ಡು ಕೊಟ್ಟೆವು. ಮೂರನೆಯ ತಿಂಗಳು ಯಂತ್ರ ಬಂತು. ಅವರು ಜಗಳವಾಡಲಿಲ್ಲ. ಈಗ ಹಬ್ಬಹುಣ್ಣಿಮೆಗೆ, ಮದುವೆ ಮುಂಜಿಗೆ ಮಾತ್ರ ಕರೆಯುತ್ತೇವೆ, ಬರುತ್ತಾರೆ.

ಯಂತ್ರ ಬಿಚ್ಚಿ ಹರಡಿಕೊಂಡು ಕೂತಿದ್ದ ದಿನ ಅವರು ಯಾವುದೋ ಕೆಲಸಕ್ಕೆ ಬಂದವರು ಬಾಗಿಲಲ್ಲಿ ನಿಂತು ನೋಡಿದರು. ಜಾಲರಿಯ ರಾಗಿ ಅಂಟನ್ನು ಉಗುರಿನಿಂದ ಮುಟ್ಟಿ, "ಮುದ್ದೆ ತಟ್ಟೆನ ಉಂಡ ತಕ್ಷಣ ನೀರಲ್ಲಿ ನೆನೆಹಾಕ್ಬೇಕು ಕಣ್ರಮ್ಮ. ಒಣಗಕ್ಕೆ ಬಿಟ್ರೆ ನಮ್ಮ ಕೈಗೇ ಬರ್ತಿರ್ಲಿಲ್ಲ, ಇದಕ್ಕೆಲ್ಲಿ ಬರುತ್ತೆ?" ಎಂದರು. ಆಮೇಲೆ ನಮ್ಮ ಕೈಯಿಂದ ರೆಕ್ಕೆ ಇಸಿದುಕೊಂಡು, ಗುಂಡುಸೂಜಿ ತೆಗೆದುಕೊಂಡು, ನಾವು ಬಿಟ್ಟಿದ್ದ ಎರಡು ತೂತು ಚುಚ್ಚಿ ಕೊಟ್ಟರು.