ಚಂದ್ರನಿಂದ ಬಂದವರನ್ನು ಮೊದಲು ಮುಟ್ಟಿದವರು

1969ರ ಜುಲೈ 24. ಚಂದ್ರನಿಂದ ಮರಳಿದ ಅಪೊಲೊ 11 ಪೆಸಿಫಿಕ್ ಸಾಗರಕ್ಕೆ ಬಂದಿಳಿಯಿತು. ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ನಮಗೆಲ್ಲ ಗೊತ್ತು. ಅವರನ್ನು ಬಾಗಿಲಲ್ಲೇ ಎದುರುಗೊಂಡವರು ಯಾರು? ಅಮೆರಿಕ ನೌಕಾಪಡೆಯ ಲೆಫ್ಟಿನೆಂಟ್ ಕ್ಲಾನ್ಸಿ ಹ್ಯಾಟಲ್‌ಬರ್ಗ್.

ಚಂದ್ರನ ರೋಗಾಣು ಇವರ ಜೊತೆ ಬಂದಿದ್ದರೆ? ಆ ಭಯ ಆಗ ನಿಜಕ್ಕೂ ಇತ್ತು. ಉಳಿದ ಈಜುಗಾರರು ದೂರ ಸರಿದರು. ಹ್ಯಾಟಲ್‌ಬರ್ಗ್ ಮಾತ್ರ ಮೈತುಂಬ ರಕ್ಷಣಾ ಉಡುಪು ತೊಟ್ಟು ಹತ್ತಿರ ಹೋದರು. ಮೂವರಿಗೂ ಅಂಥದ್ದೇ ಉಡುಪು ಕೊಟ್ಟರು. ಹೊರಬಂದವರನ್ನು ರಬ್ಬರ್ ದೋಣಿಯಲ್ಲಿ ಕೂರಿಸಿ ಸೋಂಕುನಿವಾರಕ ದ್ರಾವಣದಿಂದ ಉಜ್ಜಿದರು. ಆಮೇಲೆ ಹೆಲಿಕಾಪ್ಟರ್ ಮೂವರನ್ನೂ ಮೇಲೆತ್ತಿ ಹಾರ್ನೆಟ್ ಹಡಗಿಗೆ ಒಯ್ದಿತು. ಅಲ್ಲಿ ಅಧ್ಯಕ್ಷ ನಿಕ್ಸನ್ ಕಾಯುತ್ತಿದ್ದರು.

ರೋಗಾಣು ಇರಲಿಲ್ಲ, ಸರಿ. ಆದರೆ ಅದು ಆವತ್ತು ಅವರಿಗೆ ಗೊತ್ತಿರಲಿಲ್ಲವಲ್ಲ! ಕ್ಯಾಮೆರಾ ಯಾರ ಕಡೆ ತಿರುಗಬೇಕು ಅನ್ನೋದೇ ನನ್ನ ಕಸುಬು. ಅದಕ್ಕೇ ಹೇಳ್ತೀನಿ, ಆ ಮುಖವಾಡದ ಹಿಂದಿದ್ದ ಮನುಷ್ಯನನ್ನೂ ನೆನಪಿಡಿ.